ಪಡಸಾಲೆಯ ಹಗೇವು

ಆಗಿನ ಕಾಲದಲ್ಲಿ ಹಳೆಯ ಮನೆ ಕೊಳ್ಳುವವರು ಮೊದಲು ಕೇಳುತ್ತಿದ್ದದ್ದು ಬಾವಿಯ ನೀರು ಸಿಹಿಯೋ ಉಪ್ಪೋ ಅಂತ. ಆಮೇಲೆ ಕೇಳುತ್ತಿದ್ದದ್ದು ಆ ಮನೆಯಲ್ಲಿ ಯಾರು ಹೇಗೆ ಸತ್ತರು ಅಂತ. ನಮ್ಮಪ್ಪ ಮೊದಲನೆಯದನ್ನು ಮಾತ್ರ ಕೇಳಿ ಮನೆ ಕೊಂಡರು.

ನನಗಾಗ ಒಂಬತ್ತು ವರ್ಷ. ಅಲ್ಲಿಯವರೆಗೆ ನಾವು ಇದ್ದದ್ದು ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಬಾಡಿಗೆ ಮನೆಯಲ್ಲಿ. ಮುಂದೆ ಮೆಣಸಿನಕಾಯಿ ಮಂಡಿ, ಹಿಂದೆ ಬೆಲ್ಲದ ಅಂಗಡಿ. ಒಂದು ಕಡೆ ಸೀನು, ಇನ್ನೊಂದು ಕಡೆ ನೊಣ. ಕೋಟೆಗುಡ್ಡದ ಬಂಡೆ ಹಗಲೆಲ್ಲ ಕಾದು ಸಂಜೆಗೆ ಆ ಕಾವನ್ನೆಲ್ಲ ನಮ್ಮ ಓಣಿಗೆ ಸುರಿಯುತ್ತಿತ್ತು. ಆ ಮನೆಯಲ್ಲಿ ನನ್ನ ನಂತರ ಮೂರು ಮಕ್ಕಳು ಹುಟ್ಟಿದವು, ಮೂರೂ ಹೋದವು. ಒಂದೇ ತೊಟ್ಟಿಲು. ಅದನ್ನು ಅಟ್ಟದಿಂದ ಇಳಿಸುವುದು, ಮತ್ತೆ ಅಟ್ಟಕ್ಕೆ ಏರಿಸುವುದು. ಮೂರನೆಯ ಸಲ ಏರಿಸುವಾಗ ಅಪ್ಪ ನನ್ನನ್ನು ಅಂಗಡಿಗೆ ಕಳಿಸಿದರು, ನಾನು ನೋಡಬಾರದು ಅಂತ. ಬೆಲ್ಲ ಹಿಡಿದುಕೊಂಡು ವಾಪಸ್ಸು ಬಂದಾಗ ಅದು ಮೇಲೆ ಹೋಗಿತ್ತು.

ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಕೆಂಪು ಸೀರೆಯ ಮಡಿ ಹೆಂಗಸು. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ಇಬ್ಬರು ಗಂಡುಮಕ್ಕಳನ್ನು ಸಾಕಿದವಳು. ಅವಳ ಮಾತು ಸೌದೆ ಸೀಳಿದ ಹಾಗೆ. ಮೂರನೆಯ ಮಗು ಹೋದ ಮೇಲೆ ಅವಳ ಬಾಯಲ್ಲಿ ಒಂದು ಶಬ್ದ ಬಂದು ಕೂತಿತು. ಕಾಲ್ಗುಣ. ಅಮ್ಮ ನೀರಿಟ್ಟರೆ ಕಾಲ್ಗುಣ, ಹಾಲು ಒಡೆದರೆ ಕಾಲ್ಗುಣ, ಬೆಕ್ಕು ಬೆಣ್ಣೆ ತಿಂದರೂ ಅಮ್ಮನ ಕಾಲ್ಗುಣ. ಅಮ್ಮ ಉತ್ತರ ಕೊಡುತ್ತಿರಲಿಲ್ಲ. ನಾನೂ ಕೊಡುತ್ತಿರಲಿಲ್ಲ, ಆದರೆ ಅಜ್ಜಿಯ ಬೆಕ್ಕನ್ನು ಮಾತ್ರ ಒಮ್ಮೆ ಒದ್ದಿದ್ದೆ.

ಆ ವರ್ಷ ಅಪ್ಪನನ್ನು ಕಂದಾಯದ ಕೆಲಸಕ್ಕೆ ಕುರುಗೋಡಿನ ಕಡೆಗೆ ಹಾಕಿದರು. ಅಲ್ಲಿ ಒಂದು ಮನೆ ಬಹಳ ಅಗ್ಗಕ್ಕೆ ಸಿಕ್ಕಿತು. ಪಾಳೇಗಾರರ ಕಾಲದಲ್ಲಿ ಅವರ ದಂಡಿನ ದಣಾಯಕನೊಬ್ಬ ಕಟ್ಟಿಸಿದ್ದಂತೆ, ಆಮೇಲೆ ಊರ ಗೌಡರಿಗೆ ಬಂದದ್ದಂತೆ. ಕರಿಕಲ್ಲಿನ ಹದಿನಾರು ಕಂಬ, ಆನೆಯ ತಲೆ ಕೆತ್ತಿದ ಬಾಗಿಲುವಾಡ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ಅಪ್ಪ ಹೇಳುತ್ತ ಹೋದರು. ಅಜ್ಜಿ ಜಪಮಾಲೆ ನಿಲ್ಲಿಸಲಿಲ್ಲ.

"ಅಷ್ಟು ಛಲೋ ಮನೀ ಯಾಕ ಮಾರ್ತಾರೋ?"

"ಗೌಡರ ತಮ್ಮನ ಮಕ್ಕಳು ಆದವಾನ್ಯಾಗ ಹತ್ತಿ ವ್ಯಾಪಾರ ಹಿಡದಾರ ಅವ್ವಾ. ಮನೀ ಬದಲಾದ್ರ ಎಲ್ಲಾ ಸರಿ ಹೋಗ್ತದ."

"ಮನೀ ಬದಲಾದ್ರ ಕಾಲು ಬದಲಾಗ್ತದೇನು?" ಅಂದಳು ಅಜ್ಜಿ. ಆಮೇಲೆ ದನಿ ತಗ್ಗಿಸಿದಳು. ನಾನು ಕಂಬದ ಹಿಂದೆ ಇದ್ದೆ. "ಆಕಿಗೆ ಈಗ ನಾಲ್ಕು ತಿಂಗಳು. ಇದೂ ನಿಲ್ಲಲಿಲ್ಲ ಅಂದ್ರ ಆಕಿ ಸಿರುಗುಪ್ಪದಾಗೇ ಇರ್ಲಿ. ನಾ ಇನ್ನೊಂದು ಹೆಣ್ಣು ನೋಡ್ತೇನಿ. ನಂದೂ ವಯಸ್ಸಾತು."

ಸಿರುಗುಪ್ಪ ಅಮ್ಮನ ತವರು. ಕಾಲುವೆ ನೀರು, ಭತ್ತದ ಗದ್ದೆ, ಸೋದರಮಾವನ ಮನೆಯ ಬಿಸಿ ಅನ್ನ, ತುಪ್ಪ. ಅಲ್ಲಿಯವರೆಗೆ ಸಿರುಗುಪ್ಪ ಅಂದರೆ ನನಗೆ ಬಾಯಲ್ಲಿ ನೀರೂರುತ್ತಿತ್ತು. ಅವತ್ತಿನಿಂದ ಯಾರಾದರೂ ಆ ಹೆಸರು ಎತ್ತಿದರೆ ನಾನು ಅಮ್ಮನ ಸೆರಗು ಹಿಡಿದುಕೊಳ್ಳುತ್ತಿದ್ದೆ.

ಬಸುರಿ ಹೆಂಗಸು ಇರುವ ಮನೆಯಲ್ಲಿ ಗೃಹಪ್ರವೇಶ ಮಾಡುವ ಹಾಗಿಲ್ಲ. ಹಾಗಾಗಿ ಹೋಮವಿಲ್ಲ, ಊಟವಿಲ್ಲ, ಬರೀ ಹಾಲು ಉಕ್ಕಿಸಿ ಒಳಗೆ ಹೋದೆವು. ಅಮ್ಮ ಹೊಸ್ತಿಲು ದಾಟುವಾಗ ಅಜ್ಜಿ ಅವಳ ಪಾದವನ್ನೇ ನೋಡುತ್ತಿದ್ದಳು. ಬಲಗಾಲೇ ಇಟ್ಟಳು ಅಮ್ಮ. ನಾನೂ ನೋಡುತ್ತಿದ್ದೆ. ಬೀದಿಯಲ್ಲಿ ಹತ್ತಾರು ಹೆಂಗಸರು ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಹೊಸಬರು ಬಂದರೆ ಒಳಗೆ ಬಂದು ಪಾತ್ರೆ ಎಣಿಸುವುದು ಊರಿನ ರೂಢಿ. ಇಲ್ಲಿ ಒಬ್ಬರೂ ಒಳಗೆ ಕಾಲಿಡಲಿಲ್ಲ. ಒಬ್ಬಳು ಅಮ್ಮನ ಹೊಟ್ಟೆ ನೋಡಿ "ಪಾಪ" ಅಂದದ್ದು ನನ್ನ ಕಿವಿಗೆ ಬಿತ್ತು.

ಮನೆ ಮಾತ್ರ ಚೆಲುವಾಗಿತ್ತು, ಸುಳ್ಳೇಕೆ ಹೇಳಲಿ. ಕಲ್ಲಿನ ತಂಪು, ಬೇವಿನ ಹೂವಿನ ವಾಸನೆ, ಮೂಲೆಗಳಲ್ಲಿ ಬಾವಲಿ ಗಬ್ಬು. ಹಿಂದಿನ ಬಂಡೆಗುಡ್ಡದಿಂದ ಮಂಗಗಳು ಇಳಿದು ಅಜ್ಜಿಯ ಸಂಡಿಗೆಯನ್ನು ಮಡಿಮೈಲಿಗೆ ನೋಡದೆ ತಿಂದುಹೋಗುತ್ತಿದ್ದವು. ಪಡಸಾಲೆಯ ನಡುವೆ ಒಂದು ಚೌಕದ ಚಪ್ಪಡಿ, ಅದರ ಮೇಲೆ ಚೌಕಾಬಾರದ ಮನೆಗಳನ್ನು ಉಳಿಯಿಂದ ಕೆತ್ತಿದ್ದರು. ಜೊತೆಗೆ ಆಡುವವರು ಯಾರೂ ಬರದ್ದರಿಂದ ನಾನೊಬ್ಬಳೇ ಅದರ ಮೇಲೆ ಕೂತು ಗಜ್ಜುಗ ಆಡುತ್ತಿದ್ದೆ. ಬೇರೆ ಕಡೆ ಗಜ್ಜುಗ ಬಿದ್ದರೆ ಟಕ್ ಅನ್ನುತ್ತಿತ್ತು. ಆ ಕಲ್ಲಿನ ಮೇಲೆ ಬಿದ್ದರೆ ಡಬ್ ಅನ್ನುತ್ತಿತ್ತು. ನನಗೆ ಅದೊಂದು ಮೋಜು. ಅಪ್ಪನ ತಮ್ಮ ಶೀನೂ ಕಾಕಾನಿಗೆ ಅದನ್ನು ತೋರಿಸಿದವಳು ನಾನೇ. ತಪ್ಪು ಶುರುವಾದದ್ದು ಅಲ್ಲಿಂದ.

ಶೀನೂ ಕಾಕಾ ಇಪ್ಪತ್ತೈದರ ಹುಡುಗ, ಕೆಲಸವಿಲ್ಲ, ಕನಸು ಬಹಳ. ಕಲ್ಲಿಗೆ ಕಿವಿಯಿಟ್ಟು ಬಡಿದು ನೋಡಿದ. ಅವನ ಮುಖ ಅರಳಿತು.

"ತುಂಗೀ, ಯಾರಿಗೂ ಹೇಳಬ್ಯಾಡ. ಪಾಳೇಗಾರರು ಓಡಿಹೋಗೋ ಮುಂದ ಬಂಗಾರ ಎಲ್ಲಿ ಇಟ್ಟು ಹೋಗ್ತಾರ, ಹೇಳು?"

ಬಂದ ಮೊದಲ ಅಮಾವಾಸ್ಯೆಯ ಸಂಜೆ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಬಿಳಿ ಸೀರೆ, ಹಣೆಯ ತುಂಬ ವಿಭೂತಿ, ಬಾಗಿದ ಬೆನ್ನು. ಕೈಯಲ್ಲಿ ಮಣ್ಣಿನ ಹಣತೆ, ಒಂದು ಗಿಂಡಿ ಎಣ್ಣೆ. ಮುದುಕಿ ಅಂದುಕೊಂಡೆ.

"ನಾನು ಹಂಪಮ್ಮ ಅಂತ್ರಿ. ದೊಡ್ಡಬಸಪ್ಪನ ಗುಡಿ ಹಿಂದ ಇರ್ತೀನಿ. ಪಡಸಾಲಿ ಕಲ್ಲಿನ ಮ್ಯಾಲೆ ಒಂದು ದೀಪ ಇಟ್ಟು ಹೋಗ್ತೀನ್ರಿ ಅಮ್ಮಾ. ಮನಿ ಖಾಲಿ ಬಿದ್ದಾಗಿಂದ ಅಮಾಸಿ ಅಮಾಸಿಗೆ ಇಡ್ತಿದ್ದೆ."

ಅಜ್ಜಿ ಮಡಿಯಲ್ಲಿದ್ದಳು. ಪಡಸಾಲೆ ದಾಟಿದರೆ ದೇವರ ಮನೆ. "ಇಲ್ಲೆ ಬರೋ ಹಾಂಗಿಲ್ಲವಾ. ಮನೀ ಈಗ ನಮ್ಮದು. ನಿನ್ನ ದೀಪಾ ನಿನ್ನ ಮನ್ಯಾಗ ಇಡು."

ಹಂಪಮ್ಮ ಹಣತೆಯನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟು, ಗಾಳಿಗೆ ಆರದಂತೆ ಎರಡು ಕಲ್ಲು ಅಡ್ಡ ಇಟ್ಟು ಹೋದಳು. ಮುಂದಿನ ಅಮಾವಾಸ್ಯೆಗೂ ಬಂದಳು, ಅದೇ ಮಾತು, ಅದೇ ಉತ್ತರ. ಅಷ್ಟು ಹೊತ್ತಿಗೆ ಅಮ್ಮನಿಗೆ ಆರನೆಯ ತಿಂಗಳು, ಕಾಲು ಊದಿತ್ತು. ಅಜ್ಜಿಯ ಕಣ್ಣಿಗೆ ಅದೊಂದೇ ಸಾಕಾಯಿತು.

"ಯಾರಾಕಿ? ಈ ಮನಿಗೂ ಆಕಿಗೂ ಏನು?" ಅಂತ ಮರುದಿನ ಅಜ್ಜಿ ಗಾಡಿ ಹೊಡೆಯುವ ಮಾಬುಸಾಬನನ್ನು ಕೇಳಿದಳು. ಅವನು ಸಿರುಗುಪ್ಪದಿಂದ ನಮ್ಮ ಅಕ್ಕಿಮೂಟೆ ತಂದು ಇಳಿಸುತ್ತಿದ್ದ, ಕುರುಗೋಡಿನವನೇ. ಮೊದಲು ತಲೆ ತುರಿಸಿಕೊಂಡ. ಆಮೇಲೆ ಹೇಳಿದ. ನಾನು ಚೆಲ್ಲಿದ ಅಕ್ಕಿ ಆರಿಸುವ ನೆಪದಲ್ಲಿ ಅಲ್ಲೇ ಕೂತೆ.

"ಆಕಿ ಈ ಮನಿ ಸೊಸಿನೇ ರೀ ಅಮ್ಮಾ. ಪಡಸಾಲಿ ಕಲ್ಲಿನ ಬುಡಕ ಹಗೇವು ಐತಿ. ಜ್ವಾಳ ತುಂಬಿ ಮುಚ್ಚಿಡೋ ಗುಣಿ. ಧಾತು ವರ್ಷದ ಬರದಾಗ ಊರ ಮಂದಿ ಎಲ್ಲಾ ಈ ಬಾಗ್ಲಾಗ ನಿಂತಿದ್ರು. ನಮ್ಮಪ್ಪನೂ ನಿಂತಿದ್ದ. ಗೌಡ್ರು ಒಳ್ಳೆ ಮನಷಾ. ಎಲ್ಲಾರಿಗೂ ಕೊಡ್ತೀನಿ ಅಂತ ಹಗೇವು ತಗಸಿ ತಾವಾ ಇಳದ್ರು. ಮ್ಯಾಲೆ ಬರ್ಲಿಲ್ಲ. ಅಪ್ಪನ್ನ ತರಾಕ ಮಗಾ ಇಳದ. ಅಂವನೂ ಬರ್ಲಿಲ್ಲ."

ಅಜ್ಜಿಯ ಕೈ ಜಪಮಾಲೆಯ ಮೇಲೆ ನಿಂತಿತು. "ಒಳಗ ಏನಿತ್ತು?"

"ಕಾವು ಇರ್ತೈತಿ ರೀ. ಮುಚ್ಚಿದ ಗಾಳಿ. ಅದಕ್ಕಾ ಇಳಿಯೋಕಿಂತ ಮೊದ್ಲು ಹಗ್ಗಕ್ಕ ದೀಪ ಕಟ್ಟಿ ಬಿಡ್ತಾರ. ಉರದ್ರ ಇಳೀಬೇಕು. ಆರಿದ್ರ ಎರಡು ದಿನ ಬಾಯಿ ತಗದಿಟ್ಟು ಆಮ್ಯಾಲ ಇಳೀಬೇಕು. ನಾವು ದೀಪ ಬಿಟ್ಟು ನೋಡಿದ್ವಿ, ಉರೀತಿತ್ತು ಅಂತ ಗೌಡ್ರ ತಮ್ಮ ಹೇಳ್ದ. ದೀಪ ಉರದ ಮ್ಯಾಲೂ ಇಬ್ರು ಹೋದ್ರು ಅಂದ್ರ?" ಅವನು ಬೀದಿಯ ಕಡೆ ನೋಡಿದ. "ಸೊಸಿ ಬಂದು ಆರು ತಿಂಗಳಾಗಿತ್ತು ಅಷ್ಟಾ. ಆಕಿ ಕಾಲ್ಗುಣ ಅಂದ್ರು. ತಮ್ಮಾರು ಮನಿ ಬಿಡಿಸಿದ್ರು. ಗುಡ್ಯಾಗ ಕಸಾ ಹೊಡದು ಬದುಕ್ತಾಳ."

ಮಾಬುಸಾಬ ಅಕ್ಕಿ ಇಳಿಸಿ ಹೋದ. ಅಜ್ಜಿ ಬಹಳ ಹೊತ್ತು ಆ ಚಪ್ಪಡಿಯನ್ನೇ ನೋಡಿದಳು. ಆಮೇಲೆ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಅಮ್ಮ ಗುರೆಳ್ಳು ಹುರಿಯುತ್ತಿದ್ದಳು.

ಆ ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಅಜ್ಜಿ ಎಲ್ಲಿ ಕೂತರೂ ನನ್ನ ಕಿವಿ ಅಲ್ಲೇ. ಮೊದಲೇ ಒಬ್ಬ ಸೊಸೆಯನ್ನು ಹೊರಗೆ ಹಾಕಿದ ಮನೆ ಇದು, ಇನ್ನೊಬ್ಬಳನ್ನು ಹಾಕುವುದಕ್ಕೆ ಅದಕ್ಕೆ ಎಷ್ಟು ಹೊತ್ತು? ಅಪ್ಪ ಹಳ್ಳಿಗಳ ಮೇಲೆ ತಿರುಗಲು ಹೋಗಿದ್ದರು, ಎಂಟು ದಿನ ಬರುವಂತಿರಲಿಲ್ಲ. ಅಜ್ಜಿ ಅದನ್ನೇ ಕಾಯುತ್ತಿದ್ದಳೇನೋ. ಬುಧವಾರ ಸಂಜೆ ಹೇಳಿದಳು: "ರುಕ್ಮಿಣೀ, ನಾಳೆ ಮುಂಜಾನೆ ಮಾಬುಸಾಬನ ಗಾಡಿ ಬರ್ತದ. ಸಿರುಗುಪ್ಪಕ್ಕ ಹೊರಡು. ಈ ಮನ್ಯಾಗ ನೀ ಇರೋದು ಬ್ಯಾಡ."

ಹೆರಿಗೆಗೆ ತವರಿಗೆ ಹೋಗುವುದು ಹೊಸದಲ್ಲ. ಆದರೆ ಅದಕ್ಕೆ ಅಣ್ಣ ಬರಬೇಕು, ಕುಪ್ಪಸ ತರಬೇಕು, ಮಡಿಲು ತುಂಬಿ ಕಳಿಸಬೇಕು. ಯಾರೂ ಕರೆಯಲು ಬರದೆ, ಮಡಿಲಿಗೆ ಒಂದು ಹಿಡಿ ಅಕ್ಕಿಯೂ ಬೀಳದೆ ಗಾಡಿ ಹತ್ತಿಸುವುದಕ್ಕೆ ಒಂದೇ ಅರ್ಥ. ಒಂಬತ್ತು ವರ್ಷದವಳಿಗೂ ಅದು ತಿಳಿಯುತ್ತಿತ್ತು.

ಗುರುವಾರ ಮುಂಜಾನೆ ಅಮ್ಮ ನನ್ನ ಜಡೆ ಹೆಣೆಯುತ್ತಿದ್ದಳು. ಎಂದಿಗಿಂತ ಬಿಗಿಯಾಗಿ ಹೆಣೆದಳು.

"ಅಮ್ಮಾ, ವಾಪಸ್ ಬರ್ತೀ ಅಲಾ?"

"ತಲಿ ಅಲ್ಲಾಡಿಸಬ್ಯಾಡ ತುಂಗಾ, ಜಡಿ ವಂಕಾಗ್ತದ."

ಗಾಡಿ ಬಂತು. ಅಜ್ಜಿ ದೇವರ ಮನೆಯಲ್ಲಿ ಪೂಜೆಗೆ ಕೂತಿದ್ದಳು, ಅಮ್ಮ ಹಿತ್ತಲಲ್ಲಿ ಬಟ್ಟೆ ಗಂಟು ಕಟ್ಟುತ್ತಿದ್ದಳು. ಅಳು ಬಂದರೆ ಎಲ್ಲಿ ಅಳುವುದು ಅಂತ ಪಡಸಾಲೆಗೆ ಬಂದೆ. ಅಲ್ಲಿ ಶೀನೂ ಕಾಕಾ ಹಾರೆ ಹಿಡಿದು ನಿಂತಿದ್ದ. ಎಲ್ಲರ ಗಮನ ಗಾಡಿಯ ಕಡೆ ಇರುವಾಗಲೇ ಅವನ ಬಂಗಾರದ ಮುಹೂರ್ತ. ಚಪ್ಪಡಿಯ ಅಂಚಿನ ಗಾರೆ ಕಿತ್ತು, ಹಾರೆ ಮೀಟಿ ಕಲ್ಲನ್ನು ಪಕ್ಕಕ್ಕೆ ಸರಿಸಿದ್ದ. ಒಬ್ಬ ಆಳು ಇಳಿಯುವಷ್ಟು ಕಪ್ಪು ಬಾಯಿ. ಒಳಗಿಂದ ಮುಗ್ಗಿದ ಜೋಳದ ಹುಳಿ ವಾಸನೆ ಬಂತು, ಬೆಚ್ಚಗೆ.

"ಕಾಕಾ, ಅದು ಹಗೇವು. ಅದರಾಗ ಇಬ್ರು ಸತ್ತಾರ!"

"ಬಂಗಾರ ಇದ್ದಲ್ಲಿ ಹಿಂಗ ಕತಿ ಕಟ್ತಾರ," ಅಂದ. ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದ.

ಅಜ್ಜಿಯನ್ನು ಕೂಗಬಹುದಿತ್ತು. ಪೂಜೆಯಲ್ಲಿ ಕೂತ ಅಜ್ಜಿ ಮಾತಾಡುವುದಿಲ್ಲ, ಏಳುವುದಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ದೀಪ. ದೀಪ ಅಂದರೆ ಹಂಪಮ್ಮ. ಹೊಸ್ತಿಲು ಹಾರಿ ಓಡಿದೆ. ಗುಡಿಯ ಹಿಂದೆ ಅವಳು ಕಸ ಹೊಡೆಯುತ್ತಿದ್ದಳು. "ಹಗೇವು ತಗದಾರ! ನಮ್ಮ ಕಾಕಾ ಇಳೀತಾನ!" ಅಷ್ಟೇ ಹೇಳಿದೆ. ಅವಳು ಪೊರಕೆ ಎಸೆದಳು, ಗುಡಿಯ ದೀಪವನ್ನೇ ಎತ್ತಿ ಸೆರಗು ಅಡ್ಡ ಹಿಡಿದು ಓಡಿದಳು. ಆ ಬಾಗಿದ ಬೆನ್ನು ಹೇಗೆ ಓಡಿತು ಅಂದರೆ ನನಗೆ ಅವಳ ಹಿಂದೆ ಓಡುವುದೇ ಕಷ್ಟವಾಯಿತು. ಆಗ ಹತ್ತಿರದಿಂದ ನೋಡಿದೆ. ಅವಳು ಮುದುಕಿಯೇ ಅಲ್ಲ. ನಮ್ಮಮ್ಮನ ವಯಸ್ಸಿನವಳು.

ಕಾಕಾ ಸೊಂಟದವರೆಗೆ ಒಳಗಿದ್ದ.

"ಇಳೀಬ್ಯಾಡ್ರೀ!" ಆ ಕೂಗಿಗೆ ಕಂಬಗಳೇ ಬೆಚ್ಚಿದವು. ಮಾಬುಸಾಬ ಗಾಡಿಯಿಂದ ಧುಮುಕಿ ಬಂದು ಕಾಕಾನ ಎರಡೂ ತೋಳು ಹಿಡಿದು ಮೂಲಂಗಿ ಕಿತ್ತ ಹಾಗೆ ಕಿತ್ತು ಹಾಕಿದ. ಅಮ್ಮ ಹಿತ್ತಲಿಂದ ಓಡಿ ಬಂದಳು. ಅಜ್ಜಿ ಪೂಜೆ ಬಿಟ್ಟು ದೇವರ ಮನೆಯ ಬಾಗಿಲಲ್ಲಿ ನಿಂತಳು. ಪಡಸಾಲೆಯ ನಡುವೆ ಹಂಪಮ್ಮ, ಮಾಬುಸಾಬ, ಕಾಲಿನ ಧೂಳು. ಮಡಿಯ ಮಾತು ಅಜ್ಜಿಯ ಬಾಯಿಂದ ಬರಲಿಲ್ಲ.

ಹಂಪಮ್ಮ ಯಾರನ್ನೂ ನೋಡಲಿಲ್ಲ. ದೀಪವನ್ನು ಒಂದು ತಂಬಿಗೆಯೊಳಗೆ ಇಟ್ಟು, ಹಗ್ಗ ಕಟ್ಟಿ, ಮೆಲ್ಲಗೆ ಬಿಟ್ಟಳು. ನಾವೆಲ್ಲ ಬಗ್ಗಿ ನೋಡಿದೆವು. ಒಂದು ಮೊಳ, ಎರಡು ಮೊಳ ಬೆಳಕು ಗೋಡೆ ಸವರಿಕೊಂಡು ಇಳಿಯಿತು. ಮೂರನೆಯ ಮೊಳಕ್ಕೆ ಜ್ವಾಲೆ ಸಣ್ಣದಾಯಿತು. ಆರಿತು.

"ಗಾಳಿ ಬೀಸಿರಬೇಕು," ಅಂದ ಕಾಕಾ.

ಹಂಪಮ್ಮ ಮತ್ತೆ ಹಚ್ಚಿ ಬಿಟ್ಟಳು. ಅದೇ ಮೂರನೆಯ ಮೊಳ. ಆರಿತು.

ಆಗ ಅಜ್ಜಿ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ದೇವರ ಮುಂದಿನ ನಂದಾದೀಪ ಇತ್ತು. ನಾನು ಹುಟ್ಟಿದಾಗಿನಿಂದ ಅದು ಆರಿದ್ದನ್ನು ಕಂಡಿರಲಿಲ್ಲ. ಬಳ್ಳಾರಿಯಿಂದ ಇಲ್ಲಿಗೆ ಬರುವಾಗಲೂ ಅಜ್ಜಿ ಅದನ್ನು ಗಾಡಿಯಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದಿದ್ದಳು. ಅದನ್ನು ತಾನೇ ತಂಬಿಗೆಯಲ್ಲಿ ಇಟ್ಟು, ತಾನೇ ಹಗ್ಗ ಹಿಡಿದು ಬಿಟ್ಟಳು. ಮೂರನೆಯ ಮೊಳಕ್ಕೆ ಅದೂ ಆರಿತು.

ಹಂಪಮ್ಮ ಚಪ್ಪಡಿಯ ಪಕ್ಕ ಕುಸಿದು ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

"ಆರ್ತೈತಿ ನೋಡ್ರಿ. ಅವತ್ತು ಬಿಟ್ಟಿದ್ರ ಅವತ್ತೂ ಆರ್ತಿತ್ತು. ಅವ್ರು ದೀಪ ಬಿಡಲಿಲ್ರೀ ಅಮ್ಮಾ. ಹೊರಗ ಮಂದಿ ಕೂಗ್ತಿದ್ರು, ಅವಸರ ಮಾಡಿದ್ರು. ದೀಪ ಹಚ್ಚಿ ಕೈಯಾಗ ಹಿಡಕಂಡು ನಾನು ಅಡಿಗಿಮನಿ ಬಾಗ್ಲಾಗ ನಿಂತಿದ್ದೆ. ಯಾರೂ ಕೇಳಾಕ ಬರ್ಲಿಲ್ಲ. ಹೊಸಾ ಸೊಸಿ, ಅಷ್ಟು ಗಂಡಸರ ಮುಂದ ಹೆಂಗ ಬರ್ಲಿ? ನಿಂತೇ ಇದ್ದೆ. ಆಮ್ಯಾಲ ಹೇಳಿದ್ರ ಯಾರು ನಂಬ್ತಾರ?" ಅವಳು ತನ್ನ ಎರಡೂ ಪಾದಗಳನ್ನು ಮುಂದೆ ಚಾಚಿ, ಬೇರೆ ಯಾರದೋ ಎಂಬಂತೆ ನೋಡಿದಳು. "ಗಾಳಿ ರೀ ಅದು. ನನ್ನ ಕಾಲಲ್ಲ."

ಅಜ್ಜಿ ಆರಿದ ನಂದಾದೀಪ ಹಿಡಿದು ನಿಂತೇ ಇದ್ದಳು. ಅವಳಿಗೂ ಹದಿನೆಂಟಕ್ಕೆ ಗಂಡ ಹೋದಾಗ ಕಾಲ್ಗುಣ ಅಂತಲೇ ಅಂದಿದ್ದರು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅಪ್ಪನ ಬಾಯಿಂದ. ಆ ಹೊತ್ತಿಗೆ ನನಗೆ ಕಂಡದ್ದು ಅವಳು ಹಂಪಮ್ಮನ ಪಾದ ನೋಡಿದ್ದು, ಆಮೇಲೆ ಅಮ್ಮನ ಊದಿದ ಪಾದ ನೋಡಿದ್ದು, ಇಷ್ಟೇ.

"ಹೊತ್ತಾತು ಅಮ್ಮಾ, ಗಾಡಿ ಹೂಡಿ ನಿಂತೈತಿ," ಅಂದ ಮಾಬುಸಾಬ.

"ಎತ್ತು ಬಿಚ್ಚು," ಅಂದಳು ಅಜ್ಜಿ.

ಅಮ್ಮ ಗಂಟನ್ನು ನೆಲಕ್ಕಿಟ್ಟಳು. ಅಜ್ಜಿ ಕ್ಷಮೆ ಕೇಳಲಿಲ್ಲ, ಅದು ಅವಳ ಜಾಯಮಾನವಲ್ಲ. "ಹಂಪಮ್ಮಾ, ಆಸರಾಗಿರಬೇಕು, ಮಜ್ಜಿಗಿ ಕುಡಿತೀಯೇನು?" ಅಂತ ಕೇಳಿದಳು. ಅಜ್ಜಿಯ ಲೆಕ್ಕದಲ್ಲಿ ಅದೇ ದೊಡ್ಡದು. ಕಾಕಾನಿಗೆ ಮಾತ್ರ ಸಂಜೆಯವರೆಗೂ ಬೈಗುಳದ ಸಮಾರಾಧನೆ ನಡೆಯಿತು.

ಅಪ್ಪ ಬಂದು ಹಗೇವನ್ನು ಮಣ್ಣು ಹಾಕಿ ಮುಚ್ಚಿಸಿದರು. ಹಂಪಮ್ಮ ಮುಂದಿನ ಅಮಾವಾಸ್ಯೆಗೆ ಬಂದಳು, ಬರಿಗೈಯಲ್ಲಿ. ದೀಪ ಇಡಲಿಲ್ಲ, ಇನ್ನೆಂದೂ ಇಡಲಿಲ್ಲ. ಅಮ್ಮನ ಕಾಲಿಗೆ ಹರಳೆಣ್ಣೆ ಹಚ್ಚಿ, ಸಜ್ಜೆ ರೊಟ್ಟಿ ತಿಂದು, ನನಗೆ ಚೌಕಾಬಾರದಲ್ಲಿ ಮೋಸ ಮಾಡುವುದನ್ನು ಕಲಿಸಿ ಹೋದಳು. ಅವಳನ್ನು ಕಂಡು ಓಣಿಯ ಹೆಂಗಸರೂ ಒಬ್ಬೊಬ್ಬರಾಗಿ ಒಳಗೆ ಬಂದರು, ಪಾತ್ರೆ ಎಣಿಸಿದರು. ಏಳನೆಯ ತಿಂಗಳಲ್ಲಿ ಸೋದರಮಾವ ಕುಪ್ಪಸ ಹಿಡಿದು ಬಂದ. ಅಜ್ಜಿಯೇ ಅಮ್ಮನ ಮಡಿಲು ತುಂಬಿದಳು.

ಆ ಮಗು ನಿಂತಿತು ಅಂತ ಹೇಳಲು ನನಗೂ ಆಸೆ. ನಿಲ್ಲಲಿಲ್ಲ. ಸಿರುಗುಪ್ಪದಲ್ಲಿ ಹುಟ್ಟಿ ಹನ್ನೊಂದು ದಿನ ಇತ್ತು. ಸುದ್ದಿ ಬಂದ ದಿನ ನಾನು ಅಜ್ಜಿಯ ಬಾಯನ್ನೇ ನೋಡುತ್ತ ಕೂತೆ. ನೆರೆಯವಳೊಬ್ಬಳು ಬಂದು ಆ ಹಳೆಯ ಮಾತನ್ನು ಅಂದೇ ಅಂದಳು. ಅಜ್ಜಿ ತಲೆ ಎತ್ತಿದಳು.

"ದೀಪಾ ಬಿಟ್ಟು ನೋಡೀಯೇನು ನೀನು?" ಅಂದಳು. "ನೋಡದ ಮಾತಾಡಬ್ಯಾಡ."

ಮರುದಿನ ಅದೇ ಮಾಬುಸಾಬನ ಗಾಡಿಯಲ್ಲಿ ತಾನೇ ಸಿರುಗುಪ್ಪಕ್ಕೆ ಹೋಗಿ ಅಮ್ಮನನ್ನು ಕರೆತಂದಳು. ಎರಡು ವರ್ಷದ ಮೇಲೆ ನನ್ನ ತಮ್ಮ ಹುಟ್ಟಿದ. ತೊಟ್ಟಿಲು ಮತ್ತೆ ಅಟ್ಟ ಹತ್ತಲಿಲ್ಲ.

ಈಗ ಆ ಮನೆ ಇಲ್ಲ. ಅಪ್ಪನ ನಂತರ ತಮ್ಮ ಅದನ್ನು ಮಾರಿದ, ಕೊಂಡವರು ಕಂಬ ಕಿತ್ತರು. ಹೋದ ವರ್ಷ ಹೋಗಿದ್ದಾಗ ಆ ಚಪ್ಪಡಿ ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಚೌಕಾಬಾರದ ಮನೆಗಳು ಸವೆದು ಎರಡೋ ಮೂರೋ ಉಳಿದಿದ್ದವು. ಕೈಯಲ್ಲಿದ್ದ ಒಂದು ಬಳೆ ಚೂರನ್ನು ಅದರ ಮೇಲೆ ಹಾಕಿ ನೋಡಿದೆ. ಟಕ್ ಅಂದಿತು. ಊರಿನ ಹಗೇವುಗಳನ್ನೆಲ್ಲ ಮುಚ್ಚಿದ್ದಾರೆ. ಜೋಳ ಈಗ ಚೀಲದಲ್ಲಿ ಬರುತ್ತದೆ, ಚೀಲದಲ್ಲಿ ಹೋಗುತ್ತದೆ. ಹಂಪಮ್ಮನ ಹೆಸರು ಹೇಳಿದರೆ ಗುರುತು ಹಿಡಿಯುವವರು ಒಬ್ಬರೂ ಸಿಗಲಿಲ್ಲ.

ಮೊನ್ನೆ ಬಳ್ಳಾರಿಯಲ್ಲಿ ನೆಂಟರ ಮನೆಗೆ ಹೋಗಿದ್ದೆ. ಮದುವೆಯಾಗಿ ಎರಡು ತಿಂಗಳಾದ ಹುಡುಗಿ ಕಾಫಿ ತಂದಿಟ್ಟು ಒಳಗೆ ಹೋದಳು. ಆ ವಾರ ಅವಳ ಮಾವ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅತ್ತೆ ನನ್ನ ಕಡೆ ಬಗ್ಗಿ, ದನಿ ತಗ್ಗಿಸಿ, "ಕಾಲ್ಗುಣ ನೋಡ್ರಿ," ಅಂದಳು.

"ದೀಪಾ ಬಿಟ್ಟು ನೋಡೀರೇನು?" ಅಂದೆ.

ಮುದುಕಿಗೆ ಅರಳುಮರುಳು ಅಂತ ಮುಖ ಮುಖ ನೋಡಿಕೊಂಡರು. ಅವರ ತಪ್ಪೇನೂ ಇಲ್ಲ. ಹಗೇವು ಕಂಡವರು ಅಲ್ಲಿ ಯಾರೂ ಇರಲಿಲ್ಲ.